ನಮ್ಮ ಮನೆಯ ಮಗುವನ್ನು ಅಮೆರಿಕದ ಅತ್ತೆಗೆ ದತ್ತು ಕೊಡಲು ಸರ್ಕಾರ ಮಧ್ಯೆ ಯಾಕೆ?

ಹನುಮಂತನಗರದ ಅತ್ತಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಮೈದುನ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಓರಗಿತ್ತಿಗೆ ಇಬ್ಬರು ಮಕ್ಕಳು. ದೊಡ್ಡವಳು ಹೈಸ್ಕೂಲಿನಲ್ಲಿದ್ದಾಳೆ, ಚಿಕ್ಕವನಿಗೆ ಆರು ವರ್ಷ. ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ, ಮಕ್ಕಳಿಲ್ಲ. ಚಿಕ್ಕವನನ್ನು ದತ್ತು ತೆಗೆದುಕೊಳ್ಳುತ್ತೇನೆ ಅಂತ ಅವಳೇ ಕೇಳಿದಳು. ಅತ್ತೆ ಮಾವ ಒಪ್ಪಿದ್ದಾರೆ, ಓರಗಿತ್ತಿಯೂ ಹೂಂ ಅಂದಿದ್ದಾಳೆ.

ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕೂರುವ ಡಾಕ್ಯುಮೆಂಟ್ ರೈಟರ್ "ದತ್ತು ಪತ್ರ ರಿಜಿಸ್ಟರ್ ಮಾಡಿಸಿ, ಪಾಸ್‌ಪೋರ್ಟ್ ಮಾಡಿಸಿ, ಕಳಿಸಿ, ಅಷ್ಟೇ" ಅಂದರು. ನಾದಿನಿ ನೋಡಿದರೆ ದೆಹಲಿಯಲ್ಲಿರುವ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ಕಾರಾ ಒಪ್ಪಬೇಕು, ಡಿಸಿ ಆದೇಶ ಬೇಕು, ಮನೆಗೆ ಬಂದು ವಿಚಾರಣೆ ಮಾಡುತ್ತಾರೆ ಅಂತ ಏನೇನೋ ಹೇಳುತ್ತಾಳೆ. ಸ್ವಂತ ಸೋದರತ್ತೆ ಅಲ್ವಾ ಅವಳು? ಬೇರೆಯವರಿಗೆ ಕೊಡುತ್ತಿಲ್ಲವಲ್ಲ. ಇದರಲ್ಲಿ ಸರ್ಕಾರಕ್ಕೇನು ಕೆಲಸ?

ಮಲ್ಲೇಶ್ವರದ ಹಳೇ ವಕೀಲ

ಮೊದಲು ಒಂದು ಪ್ರಶ್ನೆ ಮೇಡಂ. ನಿಮ್ಮ ನಾದಿನಿ ಮತ್ತು ಅವರ ಯಜಮಾನರು ಯಾವ ದೇಶದ ಪ್ರಜೆಗಳು? ಉತ್ತರ ಅದರ ಮೇಲೆ ನಿಂತಿದೆ.

ಹನುಮಂತನಗರದ ಅತ್ತಿಗೆ

ಇಬ್ಬರದೂ ಅಮೆರಿಕದ ಪಾಸ್‌ಪೋರ್ಟ್ ಸರ್. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದೆ.

ಮಲ್ಲೇಶ್ವರದ ಹಳೇ ವಕೀಲ

ಹಾಗಾದರೆ ಡಾಕ್ಯುಮೆಂಟ್ ರೈಟರ್ ಮಾತು ಬಿಟ್ಟುಬಿಡಿ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ನೋಂದಣಿಯಾದ ದತ್ತು ಪತ್ರಕ್ಕೆ ಇಲ್ಲಿ ಬೆಲೆ ಇದೆ. ಆಸ್ತಿ ವಿಷಯಕ್ಕೆ, ಶಾಲೆಯ ದಾಖಲೆಗೆ ನಡೆಯುತ್ತದೆ. ವೀಸಾ ಕೌಂಟರಿನಲ್ಲಿ ಅದೊಂದನ್ನೇ ತೋರಿಸಿದರೆ ವಾಪಸ್ ಕಳಿಸುತ್ತಾರೆ.

ಮಗು ದೇಶದ ಗಡಿ ದಾಟುತ್ತದೆ ಅಂದ ಕೂಡಲೇ ವಿದೇಶಿ ದತ್ತಿನ ಬಗೆಗಿನ 1993ರ ಹೇಗ್ ಒಪ್ಪಂದ ಬರುತ್ತದೆ. ಭಾರತ ಅದಕ್ಕೆ 2003ರಲ್ಲಿ ಸೇರಿತು, ಅಮೆರಿಕವೂ ಅದರಲ್ಲಿದೆ. ಎರಡೂ ದೇಶದ ಸರ್ಕಾರ ಒಪ್ಪಬೇಕು ಅನ್ನುವುದು ಅದರ ತಿರುಳು. ನಮ್ಮ ಕಡೆಯಿಂದ ಒಪ್ಪುವುದು ಕಾರಾ. ಸಂಬಂಧಿಕರ ನಡುವಿನ ವಿದೇಶಿ ದತ್ತು 2015ರ ಬಾಲನ್ಯಾಯ ಕಾಯ್ದೆಯ 60ನೇ ಸೆಕ್ಷನ್‌ನಲ್ಲಿದೆ. ಸೋದರತ್ತೆ ಸಂಬಂಧಿಕರ ಪಟ್ಟಿಯಲ್ಲಿ ಇದ್ದಾರೆ, ಅದು ನಿಮ್ಮ ಪುಣ್ಯ. ತಂದೆಯ ಅಥವಾ ತಾಯಿಯ ಒಡಹುಟ್ಟಿದವರು, ಎರಡೂ ಕಡೆಯ ಅಜ್ಜ ಅಜ್ಜಿ, ಅಷ್ಟೇ ಆ ಪಟ್ಟಿ. ಹಿಂದೂ ಕಾಯ್ದೆಯ ದತ್ತಿಗೂ 2021ರ ದತ್ತು ನಿಯಮಗಳ ತಿದ್ದುಪಡಿಯ ನಂತರ ಕಾರಾ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಪಡೆಯುವ ದಾರಿ ಇದೆ. ಅಂದರೆ ಯಾವ ದಾರಿಯಲ್ಲಿ ಹೋದರೂ ಕಾರಾ ತಪ್ಪುವುದಿಲ್ಲ.

ಕ್ರಮ ಮುಖ್ಯ. ಮೊದಲು ನ್ಯೂಜೆರ್ಸಿಯಲ್ಲಿ ಅವರ ಹೋಮ್ ಸ್ಟಡಿ, ಅಂದರೆ ಮನೆ ಮತ್ತು ಕುಟುಂಬದ ಪರಿಶೀಲನೆ ಆಗಬೇಕು, ದತ್ತು ತೆಗೆದುಕೊಳ್ಳಲು ಅವರು ಅರ್ಹರು ಅಂತ ಅಲ್ಲಿನ ಸರ್ಕಾರ ಐ-800ಎ ಅರ್ಜಿ ಮಂಜೂರು ಮಾಡಬೇಕು. ಆಮೇಲೆ ಕಡತ ಕಾರಾಕ್ಕೆ ಬರುತ್ತದೆ. ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ನಿಮ್ಮ ಓರಗಿತ್ತಿಯ ಮನೆಗೆ ಬಂದು ಕುಟುಂಬದ ವರದಿ ಬರೆಯುತ್ತಾರೆ. ಡಿಸಿ ಆದೇಶ, ಕಾರಾ ಎನ್‌ಒಸಿ, ಪಾಸ್‌ಪೋರ್ಟ್, ವೀಸಾ ಎಲ್ಲ ಅದರ ನಂತರ. ಇಲ್ಲಿ ಮೊದಲೇ ದತ್ತು ಮುಗಿಸಿ ಆಮೇಲೆ ಅಲ್ಲಿ ಅರ್ಜಿ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮಗು ಕಾಗದದಲ್ಲಿ ನಾದಿನಿಯ ಮಗ, ಇರುವುದು ಹನುಮಂತನಗರದಲ್ಲಿ. ಅಂಥ ಕೇಸುಗಳನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಎಳೆಯುತ್ತದೆ.

ಜಯನಗರ ಬೈಟು ಕಾಫಿ

ಇದೇ ನೋಡಿ ನಮ್ಮ ದೇಶ. ಮನೆಯವರೆಲ್ಲ ಒಪ್ಪಿದ್ದಾರೆ, ಮಗುವಿಗೆ ಒಳ್ಳೆಯ ಬದುಕು ಸಿಗುತ್ತದೆ. ಆದರೂ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ ಟೋಕನ್ ಹಿಡಿದು ನಿಲ್ಲಬೇಕು. ಕಾಗದ ಜಾಸ್ತಿಯಾದಷ್ಟೂ ಮಧ್ಯವರ್ತಿಗಳಿಗೆ ಹಬ್ಬ. ಹಿಂದೆಲ್ಲ ಅಕ್ಕನ ಮಗುವನ್ನು ತಂಗಿ ಸಾಕುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ.

ರೋಟರ್‌ಡ್ಯಾಮ್ ಕನ್ನಡತಿ

ಯಾರೂ ಕೇಳದೇ ಇದ್ದುದರ ಫಲವನ್ನು ನಾನು ಇಲ್ಲಿ ನೋಡುತ್ತಿದ್ದೇನೆ ಅಣ್ಣ.

ನಾನಿರುವ ನೆದರ್ಲೆಂಡ್ಸ್‌ಗೆ ಒಂದು ಕಾಲದಲ್ಲಿ ಏಷ್ಯಾ, ದಕ್ಷಿಣ ಅಮೆರಿಕದಿಂದ ಸಾವಿರಾರು ಮಕ್ಕಳು ದತ್ತು ಬಂದವು. ಅವರೆಲ್ಲ ಈಗ ನಲವತ್ತು ಐವತ್ತು ದಾಟಿದವರು. ಹೆತ್ತವರನ್ನು ಹುಡುಕಲು ಹೊರಟವರಿಗೆ ಜನ್ಮಪತ್ರವೇ ಸುಳ್ಳು ಅಂತ ಗೊತ್ತಾಯಿತು. ಸರ್ಕಾರ ಸಮಿತಿ ಮಾಡಿತು. 2021ರ ಫೆಬ್ರವರಿಯಲ್ಲಿ ವರದಿ ಬಂತು. ಬಾಂಗ್ಲಾದೇಶ, ಶ್ರೀಲಂಕಾ, ಇಂಡೊನೇಷ್ಯಾ, ಬ್ರೆಜಿಲ್, ಕೊಲಂಬಿಯಾ, ಈ ಐದು ದೇಶಗಳ ದತ್ತುಗಳನ್ನು ನೋಡಿದ್ದರು. ಸುಳ್ಳು ದಾಖಲೆ, ದುಡ್ಡು, ಮಕ್ಕಳ ಮಾರಾಟ ಎಲ್ಲ ಸಿಕ್ಕಿತು. ಇಲ್ಲಿನ ಅಧಿಕಾರಿಗಳಿಗೆ ಗೊತ್ತಿದ್ದೂ ಸುಮ್ನೆ ಇದ್ದರು ಅಂತ ವರದಿ ನೇರವಾಗಿಯೇ ಬರೆಯಿತು. 2024ರಲ್ಲಿ ಹೊರದೇಶದ ದತ್ತನ್ನು ಹಂತಹಂತವಾಗಿ ನಿಲ್ಲಿಸಲು ತೀರ್ಮಾನವಾಯಿತು.

ಇದು ಇಲ್ಲಿಗೆ ಮಾತ್ರ ಸೀಮಿತವಲ್ಲ. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ತಮ್ಮದೇ ಸರ್ಕಾರದ ಮೇಲೆ ಬೆರಳು ತೋರಿಸಿತು. ಅಪ್ಪ ಅಮ್ಮ ಇರುವ ಮಕ್ಕಳನ್ನು ಅನಾಥರು ಅಂತ ಬರೆದು ಕಳಿಸಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಕ್ಷಮೆ ಕೇಳಿದರು. ಚೀನಾ 2024ರಲ್ಲಿ ಹೊರಗೆ ಕೊಡುವುದನ್ನು ಬಹುತೇಕ ನಿಲ್ಲಿಸಿತು. ಸ್ವಿಟ್ಜರ್ಲೆಂಡ್ ಸರ್ಕಾರ 2025ರ ಜನವರಿಯಲ್ಲಿ ನಿಲ್ಲಿಸುವ ಉದ್ದೇಶ ಹೇಳಿತು. ಆ ದೇಶದ ಜ್ಯೂರಿಚ್ ಮತ್ತು ತುರ್ಗಾವ್ ಪ್ರಾಂತ್ಯಗಳಲ್ಲಿ ಭಾರತದಿಂದ ಹೋದ ಮಕ್ಕಳ ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಹೆತ್ತ ತಾಯಿಯ ಒಪ್ಪಿಗೆ ಪತ್ರವೇ ಇರಲಿಲ್ಲ.

ನನ್ನ ಆಫೀಸಿನಲ್ಲಿ ಒಬ್ಬರಿದ್ದಾರೆ, ದಕ್ಷಿಣ ಭಾರತದಿಂದ ಮಗುವಾಗಿದ್ದಾಗ ಬಂದವರು. ಹೆತ್ತ ತಾಯಿಯ ಬಗ್ಗೆ ಅವರ ಕಡತದಲ್ಲಿ ಇರುವುದು ಒಂದೇ ಸಾಲು. ನಾನು ಬೆಂಗಳೂರಿನವಳು ಅಂತ ಗೊತ್ತಾದ ದಿನ ಅದನ್ನು ತಂದು ತೋರಿಸಿ, "ಇಷ್ಟೇನಾ ಬರೆಯುವುದು ನಿಮ್ಮಲ್ಲಿ?" ಅಂದರು.

ರಾಜಾಜಿನಗರದ ದತ್ತು ಅಪ್ಪ

ಅದೆಲ್ಲ ಹಳೆಯ ಕಾಲ. ಈಗ ಕಾರಾದ ಕಾರಿಂಗ್ಸ್ ಅನ್ನುವ ದತ್ತು ಪೋರ್ಟಲ್ ಇದೆ, ಎಲ್ಲ ಆನ್‌ಲೈನ್. ನಾವು ಅದರಲ್ಲೇ ಮಗಳನ್ನು ಪಡೆದವರು. ಕಾದು ಕಾದು ಸಾಕಾಯಿತು ಅನ್ನುವುದು ಬೇರೆ ಮಾತು.

ಜಯನಗರ ಬೈಟು ಕಾಫಿ

ಅದೇ ನನ್ನ ಇನ್ನೊಂದು ಪ್ರಶ್ನೆ ಸರ್. ಇಲ್ಲಿ 30 ಸಾವಿರಕ್ಕೂ ಜಾಸ್ತಿ ದಂಪತಿಗಳು ಸಾಲಿನಲ್ಲಿ ನಿಂತಿದ್ದಾರೆ. ಹೀಗಿರುವಾಗ ವಿದೇಶಿಯರಿಗೆ ಮಗು ಯಾಕೆ ಕೊಡಬೇಕು? ಡಾಲರ್‌ಗಾಗಿ ತಾನೇ?

ರಾಜಾಜಿನಗರದ ದತ್ತು ಅಪ್ಪ

ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಸಾಲಿನಲ್ಲಿ ನಿಂತಾಗ ಗೊತ್ತಾಗುವುದು ಬೇರೆ.

2024-25ರಲ್ಲಿ ಒಟ್ಟು 4,515 ದತ್ತುಗಳಾದವು. ಅದರಲ್ಲಿ 4,155 ದೇಶದೊಳಗೆ. ಹೊರಗೆ ಹೋದದ್ದು ಉಳಿದ 360. ಮಗುವನ್ನು ಮೊದಲು ಇಲ್ಲಿನವರಿಗೆ ಮತ್ತು ಎನ್‌ಆರ್‌ಐಗಳಿಗೆ ತೋರಿಸಬೇಕು. ದತ್ತಿಗೆ ಅರ್ಹ ಅಂತ ಘೋಷಣೆಯಾಗಿ 60 ದಿನದೊಳಗೆ ಯಾರೂ ಮುಂದೆ ಬರದಿದ್ದರೆ ಮಾತ್ರ ವಿದೇಶಿಯರ ಕಡೆ ಹೋಗುತ್ತದೆ. ಅಣ್ಣ ತಂಗಿ ಒಟ್ಟಿಗೆ ಇರುವವರು, ವಿಶೇಷ ಅಗತ್ಯದ ಮಕ್ಕಳು, ಸ್ವಲ್ಪ ದೊಡ್ಡವರು, ಹೆಚ್ಚಾಗಿ ಇವರೇ ಹೋಗುವುದು. ನಮ್ಮವರಿಗೆ ಬೇಕಾದದ್ದು ಎರಡು ವರ್ಷದೊಳಗಿನ, ಆರೋಗ್ಯವಾಗಿರುವ ಮಗು. ನಾವೂ ಫಾರ್ಮಿನಲ್ಲಿ ಅದನ್ನೇ ಬರೆದಿದ್ದೆವು. ಮಗು ತೋರಿಸಿದ ಮೇಲೆ ಕಾಯ್ದಿರಿಸಲು 48 ಗಂಟೆ ಕೊಡುತ್ತಾರೆ. ಆ 48 ಗಂಟೆಯಲ್ಲಿ ನಮ್ಮ ಮನೆಯ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ ಮಗುವಿನ ಬಣ್ಣದ ಬಗ್ಗೆ.

ನಮ್ಮ ಮಗಳಿದ್ದ ಕೇಂದ್ರದಲ್ಲೇ ಹೃದಯದ ತೊಂದರೆಯ ಹುಡುಗನೊಬ್ಬನಿದ್ದ. ಯಾರೂ ಒಪ್ಪಿರಲಿಲ್ಲ. ಯುರೋಪಿನ ದಂಪತಿ ಕರೆದುಕೊಂಡು ಹೋದರು. ಈಗ ಶಾಲೆಗೆ ಹೋಗುತ್ತಿದ್ದಾನಂತೆ. ಹೊರಗೆ ಕೊಡುವುದನ್ನೇ ನಿಲ್ಲಿಸಿ ಅನ್ನುವವರು ಇಂಥವನನ್ನು ಯಾರು ಸಾಕುತ್ತಾರೆ ಅಂತಲೂ ಹೇಳಬೇಕು.

ಶಿಶುಮಂದಿರದ ಅಕ್ಕ

ನಾನು ಬೆಂಗಳೂರಿನ ದತ್ತು ಕೇಂದ್ರವೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿ ಬಹಳ ಕಾಲ ಕೆಲಸ ಮಾಡಿದವಳು. ಮೇಲಿನ ಎಲ್ಲರ ಮಾತಿನಲ್ಲೂ ನಿಜ ಇದೆ. ಆದರೆ ಎಲ್ಲರೂ ಕಡತದ ಕೊನೆಯ ಹಾಳೆಯನ್ನೇ ನೋಡುತ್ತಿದ್ದೀರಿ. ತಪ್ಪು ನಡೆಯುವುದು ಮೊದಲ ಹಾಳೆಯಲ್ಲಿ.

ವಿದೇಶಕ್ಕೆ ಹೋಗುವ ಮಗುವಿನ ಕಡತ ದಪ್ಪಗಿರುತ್ತದೆ. ದಂಪತಿಯ ಆದಾಯ, ಆರೋಗ್ಯ, ಪೊಲೀಸ್ ದಾಖಲೆ, ಮನೆಯ ಫೋಟೊ ಎಲ್ಲ ಇರುತ್ತದೆ. ಇದನ್ನು ಸಂಸ್ಥೆ, ಕಾರಾ, ಡಿಸಿ, ರಾಯಭಾರ ಕಚೇರಿ ಎಲ್ಲರೂ ನೋಡುತ್ತಾರೆ. ಆದರೆ "ಈ ಮಗುವಿಗೆ ಯಾರೂ ಇಲ್ಲ" ಅಥವಾ "ತಾಯಿ ಒಪ್ಪಿ ಕೊಟ್ಟಿದ್ದಾಳೆ" ಅನ್ನುವುದು ಒಂದೆರಡು ಹಾಳೆ. ಮೇಲಿನವರೆಲ್ಲ ಅದನ್ನು ನಂಬಿಯೇ ಮುಂದೆ ಹೋಗುತ್ತಾರೆ. ಅದು ಸುಳ್ಳಾದರೆ ಮೇಲಿನ ಹತ್ತು ಸಹಿಯೂ ಆ ಸುಳ್ಳಿನ ಮೇಲೆಯೇ ಬಿದ್ದಿರುತ್ತವೆ.

ನಿಯಮ ಏನು ಹೇಳುತ್ತದೆ? ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪತ್ರಿಕೆಯಲ್ಲಿ ಫೋಟೊ ಸಮೇತ ಪ್ರಕಟಣೆ ಕೊಡಬೇಕು. ಪೊಲೀಸರು ಹುಡುಕಿ, ಸಿಗಲಿಲ್ಲ ಅಂತ ವರದಿ ಕೊಡಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಸಮಿತಿ ನಿರ್ಧಾರ ಮಾಡುತ್ತದೆ. ತಾಯಿಯೇ ಒಪ್ಪಿಸಿದರೆ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳು ಇದೆ.

ಒಳ್ಳೆಯ ನಿಯಮಗಳೇ. ಈಗ ನಡೆಯುವುದು ನೋಡಿ. ಮೆಜೆಸ್ಟಿಕ್‌ನಲ್ಲಿ ಸಿಕ್ಕ ಮಗುವಿನ ಊರು ಯಾದಗಿರಿಯೋ ಅನಂತಪುರವೋ ಯಾರಿಗೆ ಗೊತ್ತು? ಬೆಂಗಳೂರು ಆವೃತ್ತಿಯಲ್ಲಿ ಬಂದ ಅಂಚೆಚೀಟಿ ಗಾತ್ರದ ಫೋಟೊ ಅಲ್ಲಿಯ ತಾಯಿಗೆ ಕಾಣುತ್ತದಾ? ಠಾಣೆಯಲ್ಲಿ ಒಬ್ಬ ಪೇದೆಗೆ ಈ ಕೆಲಸ, ಅವರಿಗೆ ಬಂದೋಬಸ್ತ್ ಡ್ಯೂಟಿಯೂ ಇರುತ್ತದೆ. ಮಗುವನ್ನು ಒಪ್ಪಿಸಲು ಬರುವ ಮದುವೆಯಾಗದ ಹುಡುಗಿಯ ಜೊತೆ ಅವಳ ಅಣ್ಣನೋ ಅಪ್ಪನೋ ಬಂದು ಪಕ್ಕದಲ್ಲೇ ಕೂರುತ್ತಾರೆ. ಅವಳನ್ನು ಕೇಳಿದರೆ ಉತ್ತರ ಅವರು ಕೊಡುತ್ತಾರೆ. ನಾನು ಅವರನ್ನು ಹೊರಗೆ ಕಳಿಸಲು ಟೀ ತರಿಸುವ ನೆಪ ಹೇಳುತ್ತಿದ್ದೆ. ಅವರು ಹೋದ ಮೇಲೆ ಒಮ್ಮೊಮ್ಮೆ ಬೇರೆಯೇ ಕಥೆ ಬರುತ್ತಿತ್ತು.

ನಮ್ಮ ಪಕ್ಕದ ರಾಜ್ಯಗಳಲ್ಲಿ ಆಗಿದ್ದೂ ಇದೇ. 2000ದ ಆಸುಪಾಸಿನಲ್ಲಿ ಆಂಧ್ರದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಕೊಂಡು ದತ್ತು ಕೇಂದ್ರಕ್ಕೆ ತಂದಿದ್ದರು. ಚೆನ್ನೈನ ಕೊಳೆಗೇರಿಗಳಿಂದ ಕದ್ದ ಮಕ್ಕಳು ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಅಮೆರಿಕ ತಲುಪಿದ್ದು ವರ್ಷಗಳ ಮೇಲೆ ಬಯಲಾಯಿತು. ಎಲ್ಲರ ಕಡತಗಳೂ ನೋಡಲು ಸರಿಯಾಗಿದ್ದವು. 1984ರಲ್ಲೇ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿ ಅವರು ವಿದೇಶಿ ದತ್ತಿಗೆ ನಿಯಮ ಹಾಕಿಕೊಟ್ಟಿದ್ದರು. 1990ರಲ್ಲಿ ಕಾರಾ ಬಂದಿತ್ತು. ಅಂದರೆ ಈ ಹಗರಣಗಳೆಲ್ಲ ಉಸ್ತುವಾರಿ ಇದ್ದಾಗಲೇ ನಡೆದವು.

ದುಡ್ಡಿನ ಮಾತು ಬಂತಲ್ಲ. ವಿದೇಶಿ ದಂಪತಿ ದತ್ತು ಕೇಂದ್ರಕ್ಕೆ ಕಟ್ಟುವ ಅಧಿಕೃತ ಶುಲ್ಕ 5,000 ಡಾಲರ್. ಇಲ್ಲಿಯವರು ಕೊಡುವುದಕ್ಕಿಂತ ಅದೆಷ್ಟೋ ಪಟ್ಟು ಜಾಸ್ತಿ. ಮಕ್ಕಳ ಆರೈಕೆಗೇ ಬಳಸಬೇಕು ಅಂತ ನಿಯಮ ಇದೆ, ಬಹಳ ಕಡೆ ಹಾಗೇ ಆಗುತ್ತದೆ. ಆದರೂ ಕಷ್ಟದಲ್ಲಿ ನಡೆಯುವ ಕೇಂದ್ರಕ್ಕೆ ಯಾವ ಮಗು ಎಲ್ಲಿ ಹೋದರೆ ಲಾಭ ಅನ್ನುವ ಲೆಕ್ಕ ತಲೆಗೆ ಬರದಂತೆ ಮಾಡಬೇಕಿತ್ತು. ಎಲ್ಲರಿಗೂ ಒಂದೇ ಶುಲ್ಕ ಮಾಡಿ, ಉಳಿದದ್ದನ್ನು ಸರ್ಕಾರ ಕೊಡಲಿ ಅನ್ನುವುದು ನನ್ನ ಅಭಿಪ್ರಾಯ.

ಮಲ್ಲೇಶ್ವರದ ಹಳೇ ವಕೀಲ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2022ರ ಸೆಪ್ಟೆಂಬರ್‌ವರೆಗೆ ದತ್ತು ಆದೇಶ ಕೋರ್ಟಿನಿಂದ ಬರುತ್ತಿತ್ತು. ಈಗ ಡಿಸಿ ಕೊಡುತ್ತಾರೆ. ಬೇಗ ಆಗಲಿ ಅಂತ ಬದಲಿಸಿದರು, ಆಗುತ್ತಲೂ ಇದೆ. ಆದರೆ ಬೆಂಗಳೂರಿನ ಡಿಸಿ ಮೇಜಿನ ಮೇಲೆ ಕೆರೆ ಒತ್ತುವರಿ, ಚುನಾವಣೆ, ಪಹಣಿ ತಿದ್ದುಪಡಿ ಎಲ್ಲ ಇರುತ್ತದೆ. ನ್ಯಾಯಾಧೀಶರಿಗೆ ಸಾಕ್ಷಿಯನ್ನು ಕೆದಕಿ ಕೇಳುವುದೇ ಕಸುಬು. ಅಧಿಕಾರಿಗೆ ಕಡತ ವಿಲೇವಾರಿಯೇ ಕಸುಬು.

ರಾಜಾಜಿನಗರದ ದತ್ತು ಅಪ್ಪ

ಒಪ್ಪುವುದಿಲ್ಲ ಸರ್. ನಮ್ಮದು ಕೋರ್ಟಿನ ಕಾಲದ್ದು. ಎರಡು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನೇ ಹೇಳಿದ್ದರೂ ಬರೀ ತಾರೀಖು ಬೀಳುತ್ತಿತ್ತು. ಯಾರೂ ಏನೂ ಕೆದಕಲಿಲ್ಲ. ಮಗಳಿಗೆ ಜನನ ಪ್ರಮಾಣಪತ್ರ ಇಲ್ಲದೆ ಶಾಲೆಯ ಅರ್ಜಿ ನಿಂತಿತ್ತು. ಅಕ್ಕ ಹೇಳಿದ ಮೊದಲ ಹಾಳೆ ಸರಿಯಿದ್ದರೆ ಕೊನೆಯ ಸಹಿ ಯಾರು ಹಾಕಿದರೇನು?

ಜಯನಗರ ಬೈಟು ಕಾಫಿ

ಸರಿ, ಮಗು ಹೋಯಿತು ಅಂದುಕೊಳ್ಳಿ. ಆಮೇಲೆ ಯಾರು ನೋಡುತ್ತಾರೆ?

ಮಲ್ಲೇಶ್ವರದ ಹಳೇ ವಕೀಲ

ಎರಡು ವರ್ಷ ವರದಿ ಬರಬೇಕು. ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು. ಬರೆಯುವುದು ಅಲ್ಲಿನ ಅಧಿಕೃತ ಏಜೆನ್ಸಿ. ಬಿಹಾರದಿಂದ ಟೆಕ್ಸಾಸಿಗೆ ಹೋದ ಮೂರು ವರ್ಷದ ಹೆಣ್ಣು ಮಗು 2017ರಲ್ಲಿ ಸತ್ತದ್ದು ನಿಮಗೆ ನೆನಪಿರಬಹುದು. ದತ್ತು ತಂದೆಗೆ ಜೀವಾವಧಿ ಶಿಕ್ಷೆಯಾಯಿತು. ಅವರು ಭಾರತೀಯ ಮೂಲದ ದಂಪತಿಯೇ, ಆದ್ದರಿಂದ "ನಮ್ಮವರು" ಅನ್ನುವುದೊಂದೇ ರಕ್ಷಣೆ ಅಲ್ಲ. ಆ ದತ್ತು ಮಾಡಿಸಿದ್ದ ಅಮೆರಿಕದ ಏಜೆನ್ಸಿಯನ್ನು ಕಾರಾ ಅಮಾನತು ಮಾಡಿತು.

ಪೌರತ್ವದ ವಿಷಯ ಇನ್ನೂ ವಿಚಿತ್ರ. ಅಮೆರಿಕ 2000ದಲ್ಲಿ ಕಾನೂನು ಮಾಡಿ ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ಬರುವಂತೆ ಮಾಡಿತು. 2001ರ ಫೆಬ್ರವರಿ 27ಕ್ಕೆ 18 ತುಂಬಿದ್ದವರು ಅದರಿಂದ ಹೊರಗೆ ಉಳಿದರು. ಭಾರತದಿಂದ ಮಗುವಾಗಿ ಹೋಗಿದ್ದ ಒಬ್ಬ ಹೆಂಗಸನ್ನು 2008ರಲ್ಲಿ ಅಲ್ಲಿಂದ ಗಡೀಪಾರು ಮಾಡಿದರು. ಗಂಡ ಮಕ್ಕಳು ಅಲ್ಲಿ, ಅವಳು ಇಲ್ಲಿ. ನಿಮ್ಮ ಮನೆಯ ಹುಡುಗನಿಗೆ ಈ ತೊಂದರೆ ಬರುವುದಿಲ್ಲ ಮೇಡಂ, ಹೆದರಬೇಡಿ. ಸರಿಯಾದ ವೀಸಾದಲ್ಲಿ ಹೋದರೆ.

ಹನುಮಂತನಗರದ ಅತ್ತಿಗೆ

ಎಲ್ಲ ಓದಿದೆ. ಆದರೆ ಕದ್ದ ಮಕ್ಕಳು, ಮಾರಿದ ಮಕ್ಕಳು ಅಂತ ಬರೆದದ್ದು ನೋಡಿ ಬೇಜಾರಾಯಿತು. ನಾವೇನು ಮಗುವನ್ನು ಮಾರುತ್ತಿದ್ದೇವಾ? ಸೋದರತ್ತೆಯೇ ಸಾಕುತ್ತಾಳೆ, ಅಷ್ಟೇ. ಅಧಿಕಾರಿ ಮನೆಗೆ ಬಂದು ಓರಗಿತ್ತಿಗೆ ಕೇಳುವಂಥದ್ದು ಏನಿದೆ?

ಶಿಶುಮಂದಿರದ ಅಕ್ಕ

ನಿಮ್ಮ ಮನೆಯವರ ಮೇಲೆ ಯಾರಿಗೂ ಅನುಮಾನ ಇಲ್ಲಮ್ಮ. ಆದರೆ ಒಂದು ಕೇಳುತ್ತೇನೆ. ಅತ್ತೆ ಮಾವ, ನೀವು, ನಿಮ್ಮ ಯಜಮಾನರು ಯಾರೂ ಇಲ್ಲದ ಕಡೆ ನಿಮ್ಮ ಓರಗಿತ್ತಿಯನ್ನು ಯಾರಾದರೂ ಕೇಳಿದ್ದಾರಾ? ಗಂಡ ಇಲ್ಲ, ಅತ್ತೆ ಮಾವನ ಆಸರೆಯಲ್ಲೇ ಇರಬಹುದು, ಖರ್ಚಿಗೂ ಅವರೇ ನೆರವಾಗುತ್ತಿರಬಹುದು. ಹಾಗಿರುವವಳು ಹೂಂ ಅನ್ನದೆ ಇನ್ನೇನು ಅಂದಾಳು? ಮನಸ್ಸಾರೆ ಒಪ್ಪಿರಲೂಬಹುದು. ಅದನ್ನು ಹೊರಗಿನವರೊಬ್ಬರು ಕೇಳಲಿ ಅಂತಲೇ ಆ ಅಧಿಕಾರಿ ಬರುವುದು. ದತ್ತು ಆದ ಮೇಲೆ ಕಾನೂನಿನಲ್ಲಿ ಅವಳು ಆ ಹುಡುಗನ ತಾಯಿ ಅಲ್ಲ. ಇದನ್ನು ಅವಳಿಗೆ ಇಷ್ಟೇ ನೇರವಾಗಿ ಯಾರಾದರೂ ಹೇಳಿರಬೇಕು.

ಹುಡುಗನನ್ನೂ ಕೇಳುತ್ತಾರೆ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಬೇಕು. ಅಕ್ಕನನ್ನು ಬಿಟ್ಟು ಹೋಗುತ್ತಾನಾ ಅನ್ನುವುದೂ ಗೊತ್ತಾಗುತ್ತದೆ.

ಕಾರಣ ದುಡ್ಡೇ ಆಗಿದ್ದರೆ ಇನ್ನೊಂದು ದಾರಿಯೂ ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಗಂಡ ಕಳೆದುಕೊಂಡ ತಾಯಿಯ ಮಕ್ಕಳಿಗೆ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ನಗರದಲ್ಲಿ ವರ್ಷದ ಆದಾಯ 96,000 ಮೀರಿರಬಾರದು. ಅರ್ಜಿ ಹಾಕುವುದು ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ದತ್ತಿನ ವಿಷಯಕ್ಕೆ ಹೇಗೂ ಅಲ್ಲಿಗೆ ಹೋಗುತ್ತೀರಿ, ಇದನ್ನೂ ಕೇಳಿ.

ಹನುಮಂತನಗರದ ಅತ್ತಿಗೆ

ಓರಗಿತ್ತಿ ಕೆಲಸಕ್ಕೆ ಹೋಗುತ್ತಾಳೆ, ಆದಾಯ ಅದಕ್ಕಿಂತ ಜಾಸ್ತಿ ಇದೆ. ದುಡ್ಡೊಂದೇ ಕಾರಣ ಅಲ್ಲ. ನಾದಿನಿ ಮುಂದಿನ ತಿಂಗಳು ಬರುತ್ತಾಳೆ, ಅವರಿಬ್ಬರೇ ಕೂತು ಮಾತಾಡಲಿ ಅಂತ ನಮ್ಮ ಯಜಮಾನರಿಗೆ ಹೇಳಿದ್ದೇನೆ. ದತ್ತು ಪತ್ರದ ಮಾತು ಸದ್ಯಕ್ಕೆ ನಿಲ್ಲಿಸಿದ್ದೇವೆ. ವಕೀಲರು ಹೇಳಿದ ಐ-800ಎ ಬಗ್ಗೆ ಅವಳು ಅಲ್ಲಿನ ಏಜೆನ್ಸಿಗೆ ಕೇಳುತ್ತಿದ್ದಾಳೆ.

ವಿಜಯನಗರ ಮೌನಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮ ಕಸಿನ್ ದುಬೈನಲ್ಲಿದ್ದಾರೆ, ಮಕ್ಕಳಿಲ್ಲ. ಇಲ್ಲಿನ ಒಂದು ನರ್ಸಿಂಗ್ ಹೋಮ್‌ನ ಕಡೆಯವರು ಅಂತ ಒಬ್ಬಾಕೆ ಫೋನ್ ಮಾಡಿ, "ಹೆರಿಗೆ ಆಗುವುದಿದೆ, ಬರ್ತ್ ಸರ್ಟಿಫಿಕೇಟ್ ನೇರ ನಿಮ್ಮ ಹೆಸರಿಗೇ ಮಾಡಿಸುತ್ತೇವೆ, ದತ್ತಿನ ರಗಳೆಯೇ ಇಲ್ಲ" ಅಂದಿದ್ದಾರೆ. ಕಸಿನ್‌ಗೆ ಆಸೆಯಾಗಿದೆ. ಇದು ಸರಿಯಾ?

ಮಲ್ಲೇಶ್ವರದ ಹಳೇ ವಕೀಲ

ಇದು ದತ್ತು ಅಲ್ಲ, ಮಗು ಮಾರಾಟ. ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್. ಕೊಂಡವರಿಗೂ ಮಾರಿದವರಿಗೂ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಆಸ್ಪತ್ರೆಯವರಾದರೆ ಮೂರರಿಂದ ಏಳು ವರ್ಷ.

ಶಿಶುಮಂದಿರದ ಅಕ್ಕ

ನಾನು ಮೊದಲ ಹಾಳೆ ಅಂದೆನಲ್ಲ, ಅದನ್ನೇ ಇಲ್ಲಿ ತಿದ್ದುತ್ತಿದ್ದಾರೆ. ಈ ಮಗು ಕಾರಾ ಕಣ್ಣಿಗೆ ಬೀಳುವುದೇ ಇಲ್ಲ. ನಾಳೆ ಅದು ದೊಡ್ಡದಾಗಿ ಹುಡುಕಿಕೊಂಡು ಬಂದರೆ ಒಂದು ಸಾಲೂ ಸಿಗುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ನಂಬರ್ ಬ್ಲಾಕ್ ಮಾಡಬೇಡಿ, ಮೆಸೇಜ್ ಇದ್ದರೆ ಅಳಿಸಬೇಡಿ.

ವಿಜಯನಗರ ಮೌನಿ

ಮೆಸೇಜ್ ಏನೂ ಇಲ್ಲ ಅಕ್ಕ, ಎಲ್ಲ ಫೋನಿನಲ್ಲೇ ಹೇಳಿದ್ದು. ಕಸಿನ್ ಹೆಸರು ಬರುತ್ತದೆ ಅಂತ ಮನೆಯವರು ಬೇಡ ಅನ್ನುತ್ತಿದ್ದಾರೆ.

ಶಿಶುಮಂದಿರದ ಅಕ್ಕ

ಅವರು ದುಡ್ಡು ಕೊಟ್ಟಿಲ್ಲ ಅಲ್ವಾ? ಈಗಲೇ ಹೇಳಿದರೆ ಅವರು ದೂರು ಕೊಟ್ಟವರು. ಹೆರಿಗೆ ಆದ ಮೇಲೆ ಸಿಕ್ಕಿದರೆ ಆರೋಪಿ. ಆ ಹುಡುಗಿಗೆ ಇನ್ನೂ ಹೆರಿಗೆ ಆಗಿಲ್ಲ ಅಂದಿರಲ್ಲ, ಅವಳ ಹತ್ತಿರ ಹೋಗಿ ಕೇಳಲು ಇನ್ನೂ ಸಮಯ ಇದೆ. ಇವತ್ತೇ ಮಾಡಿ.